ನೂರಾ ಏಳನೇ ನಂಬರಿನ ಅಳಿಯ

ಬೈಲಹೊಂಗಲದಿಂದ ಮನೋಳಿಗೆ ಬಸ್ಸಿನಲ್ಲಿ ಒಂದು ತಾಸು. ಕಿಟಕಿ ಬದಿಯ ಸೀಟು ಸಿಕ್ಕರೆ ಆ ಒಂದು ತಾಸೂ ನಿದ್ದೆಯಲ್ಲಿ ಕಳೆಯುತ್ತದೆ. ಇಳಿದು ಹೊಳೆಯ ಕಡೆ ಹತ್ತು ನಿಮಿಷ ನಡೆದರೆ ಒಂದು ಬೇವಿನ ಮರ, ಮರದ ಹಿಂದೆ ಮಲಕಾಜಪ್ಪನ ತೋಟದ ಮನೆ. ಮಲಕಾಜಪ್ಪನೆಂದರೆ ಬಾಳೇಶನ ಮಾವ, ಹೆಂಡತಿ ಅನ್ನಪೂರ್ಣಾಳ ಅಪ್ಪ. ಇಷ್ಟು ಸುಖವಾಗಿ ತಲುಪಬಹುದಾದ ಮನೆಗೆ ಬಾಳೇಶ ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ತೊಂಬತ್ತು ಕೆಜಿ ಮೈ ಹೊತ್ತುಕೊಂಡು, ನವಿಲುತೀರ್ಥದಿಂದ ಗುಡ್ಡ ಹತ್ತಿ ಗುಡ್ಡ ಇಳಿದು, ನಲವತ್ತೊಂದು ಕಿಲೋಮೀಟರ್ ಓಡಿ ಹೋಗಲು ನಿಶ್ಚಯಿಸಿದ್ದ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವನ ಮಾತು ಎಲ್ಲರಿಗೂ ಗೊತ್ತು. ಅವನಾದರೂ ನಡೆದುಕೊಂಡು ಬಂದಿದ್ದ.

ಕಾರಣ ಹೇಳಲು ನಾಚಿಕೆಯಾಗುತ್ತದೆ, ಬಾಳೇಶನಿಗಂತೂ ಬಹಳವೇ ಆಗುತ್ತಿತ್ತು. ಏಳು ವರ್ಷದ ಹಿಂದೆ ಅನ್ನಪೂರ್ಣಾಳ ತಮ್ಮನ ಮದುವೆ. ಆಯೇರ ಮಾಡುವ ಹೊತ್ತು. ಈ ಸೀಮೆಯಲ್ಲಿ ಅಳಿಯಂದಿರಿಗೆ ಪಟಕಾ ಸುತ್ತಿ, ಧೋತರ ಕೊಟ್ಟು ಮಾನ ಮಾಡುವುದಕ್ಕೆ ಒಂದು ಸರದಿ ಉಂಟು. ಹಿರಿಯ ಅಳಿಯ ಮೊದಲು, ಕಿರಿಯವನು ಆಮೇಲೆ. ಮದುವೆಯ ಗದ್ದಲದಲ್ಲಿ ಮಲಕಾಜಪ್ಪ ಕನ್ನಡಕವನ್ನು ಎಲ್ಲೋ ಇಟ್ಟು ಮರೆತಿದ್ದ. ಎದುರಿಗೆ ಯಾವ ತಲೆ ಸಿಕ್ಕಿತೋ ಆ ತಲೆಗೆ ಪಟಕಾ ಸುತ್ತಿದ. ಅದು ರಾಮದುರ್ಗದ ಕಿರಿಯ ಅಳಿಯ ಭೀಮಶಿಯ ತಲೆಯಾಗಿತ್ತು.

ಅಷ್ಟೇ ಆಗಿದ್ದು. ಹಿರಿಯ ಅಳಿಯ ಬಾಳೇಶ ಎದ್ದು ನಿಂತ. "ನನಗ ಮಾನ ಇಲ್ಲದ ಮನಿ ಹೊಸ್ತಿಲಾ ಇನ್ನ ನಾ ತುಳಿಯಂಗಿಲ್ಲ!" ಎಂದು ಇನ್ನೂರು ಜನರೆದುರು ಗುಡುಗಿ, ಊಟ ಬಿಟ್ಟು ಹೊರಟ. ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದು ಹಸಿವೆ ಏರಿತ್ತು. ಆದರೆ ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಮಾತು ಇನ್ನೂರು ಜನರ ಕಿವಿಗೆ ಬಿದ್ದಾಗಿತ್ತು.

ಮಲಕಾಜಪ್ಪ ಮೂರು ಸಲ ಬೈಲಹೊಂಗಲಕ್ಕೆ ಬಂದು ಕರೆದ. ಮೂರೂ ಸಲ ಬಾಳೇಶ ತನ್ನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ, ಸುಟ್ಟ ಪಂಪುಗಳ ನಡುವೆ ಸುಟ್ಟ ಮುಖ ಮಾಡಿಕೊಂಡು ಕುಳಿತು, "ಆಗಂಗಿಲ್ರಿ" ಎಂದ. ನಾಲ್ಕನೆಯ ಸಲ ಕರೆದರೆ ಹೋಗಿಬಿಡಬೇಕೆಂದು ಅಂಗಿ ಇಸ್ತ್ರಿ ಮಾಡಿಸಿ ಇಟ್ಟ. ನಾಲ್ಕನೆಯ ಸಲ ಮಲಕಾಜಪ್ಪ ಬರಲಿಲ್ಲ. ಮೀಸೆ ಅಳಿಯನಿಗಷ್ಟೇ ಇರುವುದಿಲ್ಲ, ಮಾವನಿಗೂ ಇರುತ್ತದೆ.

ಅಂದಿನಿಂದ ಪಂಚಮಿ, ದೀಪಾವಳಿಗೆ ಅನ್ನಪೂರ್ಣಾ ಒಬ್ಬಳೇ ಬಸ್ಸು ಹತ್ತುತ್ತಿದ್ದಳು. ಬರುವಾಗ ಡಬ್ಬಿ ತುಂಬ ಹೋಳಿಗೆ ತರುತ್ತಿದ್ದಳು. ಬಾಳೇಶನಿಗೆ ಆ ಮನೆಯ ಹೊಸ್ತಿಲು ವರ್ಜ್ಯವಾಗಿತ್ತೇ ಹೊರತು ಆ ಮನೆಯ ಹೋಳಿಗೆಯಲ್ಲ. ತಿನ್ನುತ್ತಲೇ, "ಅಪ್ಪ ಏನಂದ್ರು?" ಎಂದು ಗೋಡೆಯನ್ನು ಕೇಳುವವನಂತೆ ಕೇಳುತ್ತಿದ್ದ. ಹೋದ ಪಂಚಮಿಯಲ್ಲಿ ಕೇಳಿದಾಗ ಅವಳು ಹೀಗೆಂದಳು:

"ಅಪ್ಪಗ ಎಪ್ಪತ್ತಾರ ಆತ್ರಿ. ದಿನಾ ಮುಂಜಾನೆ ಬೇವಿನ ಗಿಡದ ಬುಡಕ ಕುಂತ ಹಾದಿ ನೋಡ್ತಾನ. ಯಾರ ಹಾದಿ ಅಂತ ಕೇಳಿದ್ರ, ಬಸ್ಸಿನ ಹಾದಿ ಅಂತಾನ."

ಬಾಳೇಶ ಆ ದಿನ ಎರಡನೆಯ ಹೋಳಿಗೆ ಮುಟ್ಟಲಿಲ್ಲ. ಮುದುಕ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿದರೆ ಆ ಹೊಸ್ತಿಲನ್ನು ಮಣ್ಣಿಗೆ ಹೋಗುವುದಕ್ಕೇ ತುಳಿಯಬೇಕಾದೀತು ಎಂಬ ಭಯ ಅವನಿಗೆ ಅಂದೇ ಹುಟ್ಟಿತು.

ಅದಾದ ಕೆಲವು ದಿನಕ್ಕೆ ಮನೋಳಿಯ ಸಂದೀಪ ಸುಟ್ಟ ಮೋಟರ್ ಹೊತ್ತು ಅಂಗಡಿಗೆ ಬಂದ. ಜನವರಿಯಲ್ಲಿ ಗುಡ್ಡದ ಹಾದಿಯ ಐವತ್ತು ಕಿಲೋಮೀಟರ್ ಓಟ ಏರ್ಪಡಿಸಿದ್ದ. ನವಿಲುತೀರ್ಥದಲ್ಲಿ ಶುರು, ಗುಡ್ಡಗಳನ್ನು ಸುತ್ತಿ ಮನೋಳಿ ಮೇಲೆ ಮತ್ತೆ ನವಿಲುತೀರ್ಥ, ಹತ್ತು ತಾಸಿನೊಳಗೆ ಮುಗಿಸಬೇಕು. ಬೆಂಚಿನ ಮೇಲೆ ನಕ್ಷೆ ಹಾಸಿ, "ನಲವತ್ತೊಂದನೇ ಕಿಲೋಮೀಟರಿಗೆ ನೀರ ಎಲ್ಲಿ ಇಡೂದಂತ ತಿಳಿವಲ್ದು ನೋಡ್ರಿ" ಎಂದ. ಚಹಾ ತಂದ ಅನ್ನಪೂರ್ಣಾ, "ನಮ್ಮ ಅಪ್ಪನ ತೋಟದ ಮುಂದ ಇಡ್ರಿ. ಬೇವಿನ ಗಿಡದ ನೆಳ್ಳ ಐತಿ" ಎಂದು ಹೇಳಿ, ಕಪ್ಪು-ಬಸಿ ತೆಗೆದುಕೊಂಡು ಒಳಗೆ ಹೋದಳು.

ಮೂರನೆಯ ದಿನ ಬಾಳೇಶ ಓಟಕ್ಕೆ ಹೆಸರು ಹಚ್ಚಿದ. ಕೇಳಿದವರಿಗೆಲ್ಲ ಸಕ್ಕರೆ ಕಾಯಿಲೆಯ ಭಯ ಎಂದ. ಒಳಗಿನ ಲೆಕ್ಕ ಬೇರೆ. ನೀರು ಕುಡಿಯಲು ನಿಂತವನು ಹೊಸ್ತಿಲು ತುಳಿದ ಹಾಗಾಗುವುದಿಲ್ಲ. ನಿಂತವನನ್ನು ಮಾವ ಒಳಗೆ ಕರೆದರೆ, ಸುಸ್ತಾಗಿತ್ತು, ಹೋದೆ ಎನ್ನಬಹುದು. ಆಡಿದ ಮಾತೂ ಉಳಿಯಿತು, ಮಾವನೂ ಸಿಕ್ಕ. ತನ್ನ ಜಾಣತನಕ್ಕೆ ತಾನೇ ಬೆರಗಾದ. ಹೆಂಡತಿಗೆ ಏನೂ ಗೊತ್ತಾಗಿಲ್ಲವೆಂದೂ ನಂಬಿದ್ದ, ಪಾಪ.

ನಾಲ್ಕು ತಿಂಗಳು ನೇಸರಗಿ ಹಾದಿಯ ಬದಿ ಹೊಲಗಳಲ್ಲಿ ಓಡಿದ. ಓಡಿದ ಎನ್ನುವುದು ಅವನ ಮಾತು. ನೋಡಿದವರು, "ಬಾಳೇಶಣ್ಣಾ, ಯಾರ ಬೆನ್ನ ಹತ್ಯಾರ?" ಎಂದು ಬೈಕು ನಿಲ್ಲಿಸಿ ಹತ್ತಿಸಿಕೊಳ್ಳಲು ಬರುತ್ತಿದ್ದರು. ಒಮ್ಮೆ ಹತ್ತಿಯೂ ಬಿಟ್ಟ. ಕೈಗೆ ಕಟ್ಟಿದ್ದ ಹೊಸ ಗಡಿಯಾರ ಬೈಕಿನ ಆ ಎರಡು ಕಿಲೋಮೀಟರನ್ನೂ ಓಟವೆಂದೇ ಹಿಡಿಯಿತು. ಅದನ್ನು ತಿದ್ದಲು ಬಾಳೇಶ ಹೋಗಲಿಲ್ಲ.

ಓಟದ ಹಿಂದಿನ ದಿನ ಹೆಂಡತಿಯನ್ನು ಕೇಳಿದ: "ನೀನೂ ಬರ್ತೀಯೇನ ನವಿಲುತೀರ್ಥಕ್ಕ?"

"ನನಗ ಕೆಲಸ ಐತ್ರಿ" ಎಂದಳು ಅನ್ನಪೂರ್ಣಾ.

ಮರುದಿನ ಬೆಳಗಿನ ಐದೂವರೆಗೆ, ಎದೆಗೆ ನೂರಾ ಏಳು ನಂಬರ್ ಚುಚ್ಚಿಕೊಂಡು, ಬಾಳೇಶ ತನ್ನ ಅರ್ಧ ವಯಸ್ಸಿನ ಹುಡುಗರ ನಡುವೆ ನಿಂತ. ಮೊದಲ ಐದು ಕಿಲೋಮೀಟರ್ ಅವರ ಜೊತೆಗೇ ಓಡಿದ, ಅದೇ ಅವನು ಮಾಡಿದ ಎರಡನೆಯ ದೊಡ್ಡ ತಪ್ಪು. ಮೊದಲನೆಯದು ಮದುವೆಯಲ್ಲಿ ಆಗಿತ್ತು. ಹತ್ತನೆಯ ಕಿಲೋಮೀಟರಿಗೆ ಹುಡುಗರು ಕಾಣದಾದರು, ಇಪ್ಪತ್ತಕ್ಕೆ ಹಾದಿಯೇ ಸರಿಯಾಗಿ ಕಾಣದಾಯಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಸಾಲೆಯಲ್ಲಿ ನೂರು ಸಲ ಬರೆದವನಿಗೆ ಅದರ ಅರ್ಥ ಈಗ ಪಾದದಡಿಯ ಒಂದೊಂದು ಕಲ್ಲೂ ಹೇಳಿಕೊಟ್ಟಿತು. ಬಿಸಿಲು ಏರಿತು. ಹೆಬ್ಬೆರಳ ಉಗುರು ಸತ್ತಿತು. ತೊಡೆಗಳು ಒಂದಕ್ಕೊಂದು ಉಜ್ಜಿ ಉರಿಯುತ್ತಿದ್ದವು.

ಸವದತ್ತಿ ಕಡೆಯ ಇಳಿಜಾರಿನಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೊರಟಿದ್ದ ಹೆಂಗಸರು ಸಿಕ್ಕರು. ತಲೆಯ ಮೇಲೆ ಬುತ್ತಿ ಹೊತ್ತಿದ್ದ ಒಬ್ಬ ಅಜ್ಜಿ ಅವನನ್ನು ಮೇಲಿನಿಂದ ಕೆಳಗೆ ನೋಡಿ ಕನಿಕರಪಟ್ಟಳು.

"ಯಾವ ಹರಕಿನೋ ಎಪ್ಪಾ?"

"ಸೊಕ್ಕಿನ ಹರಕಿ, ಯವ್ವಾ."

"ಹಂಗಾರ ಬೂಟ ಬಿಚ್ಚಿ ಓಡಬೇಕಿತ್ತು" ಎಂದು ಅಜ್ಜಿ ತನ್ನ ಹಾದಿ ಹಿಡಿದಳು.

ಅಲ್ಲಿಂದ ಮುಂದೆ ಬಾಳೇಶ ಕಾಲಿನ ಮೇಲೆ ಓಡಲಿಲ್ಲ, ಬಾಯಿಪಾಠದ ಮೇಲೆ ಓಡಿದ. "ಮಾಮಾರ, ಆರಾಮ ಅದೀರಿ?" ಇದು ಅವನು ಹೇಳಬೇಕಾದದ್ದು. "ಬರ್ರಿ ಅಳಿಯಂದ್ರ, ಒಳಗ ಬರ್ರಿ." ಇದು ಮಾವ ಹೇಳಬೇಕಾದದ್ದು. ತನ್ನ ಮಾತನ್ನೂ ಮಾವನ ಮಾತನ್ನೂ ತಾನೇ ಹೇಳಿಕೊಳ್ಳುತ್ತ, ಇಬ್ಬರಿಗೂ ಬೇಕಾದಂತೆ ದನಿ ಬದಲಿಸುತ್ತ, ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ ಬೇವಿನ ಮರದ ಬುಡ ಮುಟ್ಟಿದ.

ನೀರು ಕೊಡಲು ನಿಂತಿದ್ದ ಸಂದೀಪನ ಹುಡುಗರು ಊಟಕ್ಕೆ ಹೋಗಿದ್ದರು. ನೀರಿನ ಹರವಿ, ಬುಟ್ಟಿಯಲ್ಲಿ ಶೇಂಗಾ ಬೆಲ್ಲ, ಪಕ್ಕದ ಕುರ್ಚಿಯಲ್ಲಿ ಮಲಕಾಜಪ್ಪ ಒಬ್ಬನೇ. ತೊಡೆಯ ಮೇಲೆ ಒಂದು ನೋಟ್‌ಬುಕ್ಕು. ಗುಡ್ಡದಲ್ಲಿ ಯಾರೂ ಕಳೆದುಹೋಗಬಾರದೆಂದು ಸಂದೀಪ ಅದರಲ್ಲಿ ಗೆರೆ ಹಾಕಿ ಕೊಟ್ಟಿದ್ದ. ನಂಬರ್, ಬಂದ ಹೊತ್ತು, ಹೋದ ಹೊತ್ತು. ಮುದುಕ ಬಹಳ ಇಳಿದುಹೋಗಿದ್ದ. ಅಂಗಿಯೊಳಗೆ ಮೈ ಎಲ್ಲಿದೆ ಎಂದು ಹುಡುಕಬೇಕಿತ್ತು. ಕನ್ನಡಕ ಮಾತ್ರ ಈ ಸಲ ಮೂಗಿನ ಮೇಲೇ ಇತ್ತು.

ಬಾಳೇಶ ಬಾಯಿ ತೆರೆದ. ಹಾದಿಯಲ್ಲಿ ಉರುಹೊಡೆದ ಮಾತು ಹೊರಗೆ ಬರಲಿಲ್ಲ.

ಮಲಕಾಜಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ನೋಟ್‌ಬುಕ್ ಬಿಡಿಸಿದ. "ನಂಬರ ಎಷ್ಟ್ರಿ?"

"ನೂರಾ ಏಳ್ರಿ."

ಬರೆದುಕೊಂಡ. "ನೀರ ಕುಡೀರಿ. ಬೆಲ್ಲ ತಗೋರಿ."

ಬಾಳೇಶ ನೀರು ಕುಡಿದ, ಬೆಲ್ಲ ತಗೊಂಡ. ಇನ್ನೊಂದು ಲೋಟ ಕುಡಿದ. ಮೂರನೆಯದನ್ನೂ ಕುಡಿದ. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೆ ನಿಲ್ಲಲು ಬೇರೆ ನೆವವೂ ಇರಲಿಲ್ಲ. ಮುದುಕ ಒಳಗೆ ಕರೆಯಲಿಲ್ಲ. ಮೂರು ಸಲ ಬಂದು ಕರೆದ ಬಾಯಿ ಅದು, ನಾಲ್ಕನೆಯ ಸಲ ಏಕೆ ಕರೆದೀತು? ಇನ್ನು ಒಂಬತ್ತು ಕಿಲೋಮೀಟರ್, ಕೈಯಲ್ಲಿ ಎರಡು ತಾಸಿಗೆ ಹತ್ತು ನಿಮಿಷ ಕಡಿಮೆ. ಈಗ ಹೊರಟರೆ ಕುಂಟಿಕೊಂಡಾದರೂ ಮುಗಿಸಬಹುದಿತ್ತು, ಪದಕವೂ ಸಿಗುತ್ತಿತ್ತು.

"ಬರ್ತೇನ್ರಿ" ಎಂದ ಬಾಳೇಶ.

"ಹೂಂ."

ಕಬ್ಬಿನ ಹೊಲದ ತಿರುವಿನವರೆಗೆ ಹೋದ. ಅಲ್ಲಿ ನಿಂತ. ಕಾಲು ಸೋತು ನಿಂತೆ ಎಂದು ಆಮೇಲೆ ಎಲ್ಲರಿಗೂ ಹೇಳಿದ, ಆದರೆ ಸೋತದ್ದು ಕಾಲಲ್ಲ. ಅವನಿಗೆ ಅಳು ಬಂದಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಏಳು ವರ್ಷ ಮೀಸೆ ಒರೆಸಿಕೊಂಡದ್ದಾಯಿತು. ಆ ಮೀಸೆಯನ್ನು ಕಟ್ಟಿಕೊಂಡು ಮಾಡುವುದೇನಿದೆ? ಕಣ್ಣಿಗೆ ಕಾಣುವ ದೂರದಲ್ಲಿ ಮುದುಕ ಹಾದಿ ನೋಡುತ್ತ ಕುಳಿತಿದ್ದ. ಆ ಹಾದಿಯಲ್ಲಿ ಈಗ ಬಸ್ಸೂ ಇರಲಿಲ್ಲ.

ಬಾಳೇಶ ತಿರುಗಿದ. ಐವತ್ತು ಕಿಲೋಮೀಟರಿನ ಆ ಓಟದಲ್ಲಿ ಅವನು ನಿಜವಾಗಿ ಓಡಿದ್ದು ಹಿಂದಕ್ಕೆ ಬಂದ ಈ ಮುನ್ನೂರು ಹೆಜ್ಜೆಗಳನ್ನೇ.

"ಮಾಮಾರ," ಏದುಸಿರಿನಲ್ಲಿ ಕೇಳಿದ, "ನಾ ಒಳಗ ಬರಲ್ಯಾ?"

ಮಲಕಾಜಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಬಹಳ ಹೊತ್ತು ಒರೆಸಿದ. "ಇದನ್ನ ಕೇಳಾಕ ಗುಡ್ಡ ಸುತ್ತಿ ಬರಬೇಕಾತೇನ್ರಿ? ಬಸ್ಸಿಗೆ ಬಂದಿದ್ರ ಬ್ಯಾಡ ಅಂತಿದ್ನ್ಯಾ?"

ಹೊಸ್ತಿಲ ಮುಂದೆ ಅತ್ತೆ ಮಾಯವ್ವ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. ಬಂದವರು ಕಾಲು ತೊಳೆದು ಒಳಗೆ ಹೋಗಬೇಕು. ಕಾಲು ತೊಳೆಯಲು ಬೂಟು ಬಿಚ್ಚಬೇಕು. ಬೂಟು ಬಿಚ್ಚಲು ಬಗ್ಗಬೇಕು. ಬಾಳೇಶ ಬಗ್ಗಲು ನೋಡಿದ, ಸೊಂಟ ಒಪ್ಪಲಿಲ್ಲ. ಕೂರಲು ನೋಡಿದ, ಮೊಣಕಾಲು ಮಡಚಲಿಲ್ಲ. ಏಳು ವರ್ಷ ತುಳಿಯೆನೆಂದ ಹೊಸ್ತಿಲನ್ನು ತುಳಿಯಲು ಮನಸ್ಸು ತಯಾರಾದರೆ, ಬೂಟಿನ ಲೇಸು ತಯಾರಿರಲಿಲ್ಲ.

ಮಲಕಾಜಪ್ಪ ಕೋಲು ಊರಿ ಮೆಲ್ಲಗೆ ಕೆಳಗೆ ಕುಳಿತ. ಅಳಿಯನ ಬೂಟಿಗೆ ಕೈ ಹಾಕಿದ.

"ಬ್ಯಾಡ್ರಿ ಮಾಮಾರ! ನೀವು ಹಿರೇರು..."

"ಸುಮ್ಕ ನಿಂದರ್ರಿ. ನಿಮ್ಮ ಲಗ್ನದಾಗ ಇವ ಕಾಲ ತೊಳದೇನಿ" ಎಂದ ಮುದುಕ ಗಂಟು ಬಿಚ್ಚುತ್ತ. "ಆವಾಗ ಇಷ್ಟ ನಾರತಿದ್ದಿಲ್ಲ."

ಒಳಗೆ ಹೋದರೆ ಒಲೆಯ ಮುಂದೆ, ಮೊಣಕೈತನಕ ಹಿಟ್ಟು ಹತ್ತಿಸಿಕೊಂಡು ಅನ್ನಪೂರ್ಣಾ ಹೋಳಿಗೆ ಲಟ್ಟಿಸುತ್ತಿದ್ದಳು.

"ಕೆಲಸ ಐತಿ ಅಂದಿದ್ದೆಲ್ಲ?" ಎಂದ ಬಾಳೇಶ.

"ಇದ ಕೆಲಸ. ಎಂಟರ ಬಸ್ಸಿಗೆ ಬಂದೇನಿ. ಒಂದ ತಾಸಿನ್ಯಾಗ ಮುಟ್ಟಿದೆ" ಎಂದು ಅವಳು ಹೋಳಿಗೆ ತಿರುವಿ ಹಾಕಿದಳು. ಮುಖ ಎತ್ತಲಿಲ್ಲ, ಆದರೆ ಭುಜಗಳು ನಗುತ್ತಿದ್ದವು.

ಒದ್ದೆ ಬಟ್ಟೆ ಬದಲಿಸಲು ಮಾಯವ್ವ ಟ್ರಂಕಿನಿಂದ ಒಂದು ಹೊಸ ಧೋತರ ತಂದುಕೊಟ್ಟಳು. ಅದರ ಮಡಿಕೆಗಳು ಹಳದಿಗಟ್ಟಿದ್ದವು, ಡಾಂಬರು ಗುಳಿಗೆಯ ವಾಸನೆ ಬರುತ್ತಿತ್ತು. ಯಾವ ಮದುವೆಯ ಧೋತರ ಎಂದು ಬಾಳೇಶ ಕೇಳಬೇಕಾಗಿರಲಿಲ್ಲ. ಅವನು ಉಟ್ಟುಕೊಂಡ. ತುಪ್ಪ ಸುರಿದ ಆರು ಹೋಳಿಗೆ ತಿಂದ. ನಡುಮನೆಯ ಮಂಚದ ಮೇಲೆ ಹೆಣದಂತೆ ಬಿದ್ದುಕೊಂಡ. ಅತ್ತ ನವಿಲುತೀರ್ಥದಲ್ಲಿ ಹತ್ತು ತಾಸು ಮುಗಿದು, ಪದಕ ಹಂಚಿ, ಫೋಟೋ ಹೊಡೆದು, ಕಡೆಗೆ ಎಣಿಸಿ ನೋಡಿದರೆ ಒಬ್ಬ ಕಡಿಮೆ.

ನಾಲ್ಕೂವರೆಗೆ ಸಂದೀಪ ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಬಂದ. ಅವನ ದನಿಗೆ ಬಾಳೇಶನಿಗೆ ಎಚ್ಚರವಾಯಿತು, ಕಣ್ಣು ಮಾತ್ರ ತೆರೆಯಲಿಲ್ಲ.

"ಕಾಕಾ, ನೂರಾ ಏಳ ಎಲ್ಲಿ ಹೋತ್ರಿ? ಗುಡ್ಡ ಎಲ್ಲಾ ಹುಡುಕ್ಯಾಡಿದ್ವಿ!" ಹಾಳೆ ತಿರುವಿದ ಸದ್ದು. "ಇಲ್ನೋಡ್ರಿ, ಬಂದದ್ದ ಬರದೀರಿ, ಒಂದ ನಲವತ್ತು. ಹ್ವಾದದ್ದ ಬರದ ಇಲ್ಲ. ಅವ್ರು ಇಲ್ಲಿಂದ ಹ್ವಾದ್ರೋ ಇಲ್ಲೋ?"

"ಹ್ವಾದ್ರು" ಎಂದ ಮಲಕಾಜಪ್ಪ. "ಕಬ್ಬಿನ ತಿರುವಿನತನಕ ಹ್ವಾದ್ರು. ನಾನ ಕಣ್ಣಾರೆ ನೋಡೇನಿ."

"ಮತ್ತ ಯಾಕ ಬರದಿಲ್ರಿ?"

"ಏಳ ವರ್ಷದ ಹಿಂದನೂ ಹಿಂಗ ಎದ್ದ ಹ್ವಾದ್ರಪಾ. ಅವತ್ತೂ ನಾ ಅವ್ರು ಹ್ವಾದ್ರು ಅಂತ ಬರಕೊಂಡಿಲ್ಲ. ಇವತ್ತ ಯಾಕ ಬರೀಲಿ?"

ಬಾಳೇಶನ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಸದ್ದಿಲ್ಲದೆ, ಗಂಡಸಿನ ಹಾಗೆ ಗಂಭೀರವಾಗಿ ಅತ್ತುಬಿಡೋಣವೆಂದು ಗೋಡೆಯ ಕಡೆ ಹೊರಳಿದ. ಹೊರಳಿದ್ದೇ ತಡ, ಎರಡೂ ಮೀನಖಂಡಗಳು ಒಟ್ಟಿಗೇ ಗಂಟು ಹಾಕಿಕೊಂಡವು. "ಯವ್ವಾ! ಸತ್ನ್ಯೋ!" ಎಂದು ಅವನು ಅರಚಿದ್ದು ಹೊಳೆಯಾಚೆಗೂ ಕೇಳಿಸಿತು.

ಹೊರಗೆ ಮಲಕಾಜಪ್ಪ ನೋಟ್‌ಬುಕ್ಕನ್ನು ಸಂದೀಪನ ಮುಂದೆ ಸರಿಸಿದ. "ಕೇಳಿಸ್ತಿಲ್ಲೋ? ಒಳಗದಾರ. ಹಂಗ ಬರಕೋ."