ತುತ್ತಿನ ನಂತರದ ದನಿ

"ಹೇಳಿ," ಎಂದಳು ಆಕೆ ಗಂಡನಿಗೆ, ತುಟಿ ಅಲ್ಲಾಡಿಸದೆ.

ಮೇಷ್ಟ್ರು ಗದ್ದವನ್ನು ಎದೆಗೊತ್ತಿ ತುತ್ತು ನುಂಗಿದರು. ಆಮೇಲೆ ತಲೆಯೆತ್ತಿ, "ಬೆಳಗು ಬಂದಿತು ಬಾಗಿಲಿಗೆ" ಎಂದು ರಾಗವಾಗಿ ಅಂದರು. ದನಿ ತಿಳಿಯಾಗಿತ್ತು. ಆಕೆ ಬಿಗಿಹಿಡಿದಿದ್ದ ಉಸಿರು ಬಿಟ್ಟಳು.

"ಆಹಾ, ತುತ್ತಿಗೊಂದು ಪದ್ಯ!" ಎದುರಿಗೆ ಕೂತಿದ್ದ ಹುಡುಗನ ತಂದೆ ಮೇಜು ತಟ್ಟಿದರು. "ನಮ್ಮನೇಲಿ ತಟ್ಟೆ ಸದ್ದು ಬಿಟ್ರೆ ಬೇರೇನೂ ಕೇಳ್ಸಲ್ಲ, ಬೀಗರೇ."

ಮದುವೆ ಮಾತಿಗೆ ಎರಡೂ ಮನೆಯವರು ಸೇರಲು ಈ ಹೋಟೆಲನ್ನು ಆರಿಸಿದ್ದು ಮಗಳು. ಗಲಾಟೆ ಕಡಿಮೆ ಎಂದಿದ್ದಳು. ಈಗ ನೋಡಿದರೆ ಇವರ ನೆತ್ತಿಯ ಮೇಲೇ ಸ್ಪೀಕರು.

ಪಾರ್ಶ್ವವಾಯು ಬಡಿದ ಮೇಲೆ ಮೇಷ್ಟ್ರ ಕೈಕಾಲು ಚೇತರಿಸಿಕೊಂಡಿದ್ದವು, ಗಂಟಲು ಮಾತ್ರ ಇಲ್ಲ. ನುಂಗಿದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದು, ಒಮ್ಮೆ ಸಾವಿನ ಹೊಸ್ತಿಲು ಮುಟ್ಟಿ ಬಂದಿದ್ದರು. ಪ್ರತಿ ತುತ್ತಿನ ನಂತರ ಮಾತಾಡಿಸಿ, ದನಿ ಒದ್ದೆಯಾಗಿ ಗುಳುಗುಳು ಅಂದರೆ ಅಲ್ಲಿಗೇ ನಿಲ್ಲಿಸಿ, ಬರೀ ನೀರಂತೂ ಸರ್ರನೆ ಶ್ವಾಸಕೋಶಕ್ಕೇ ಜಾರುತ್ತದೆ, ಬೇಡವೇ ಬೇಡ ಎಂದಿದ್ದರು ಆಸ್ಪತ್ರೆಯಲ್ಲಿ. ಮಗುವಿನಂತೆ "ಆ" ಅನ್ನಲು ಮೇಷ್ಟ್ರಿಗೆ ನಾಚಿಕೆ. ಅದಕ್ಕೇ ತಾವೇ ಕಟ್ಟಿದ ಈ ಸಾಲು. ಜೀವನವಿಡೀ ಮಕ್ಕಳಿಗೆ ಪದ್ಯ ಓದಿಸಿದವರು. ಅಡುಗೆಮನೆಯಿಂದ ಆ ದನಿಗೆ ಕಿವಿಗೊಟ್ಟೇ ಆಕೆ ಸಂಸಾರ ಮಾಡಿದ್ದಳು.

ಹುಡುಗನ ಕಡೆಯವರಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಕೂಡಿಬಂದ ಸಂಬಂಧ ಎಲ್ಲಿ ತಪ್ಪಿಹೋಗುತ್ತದೋ ಎಂಬ ಅಂಜಿಕೆ.

ಹಾಡು ಜೋರಾಯಿತು. ಮುಂದಿನ ತುತ್ತಿನ ದನಿ ಆಕೆಗೆ ಅರ್ಧವೇ ಕೇಳಿಸಿತು. ಹಾಡು ತಗ್ಗಿಸಿ ಎಂದು ಸಪ್ಲೈಯರನ್ನು ಕೇಳಬಹುದಿತ್ತು. ಯಾಕಮ್ಮಾ ಎಂದರೆ?

"ನಾನೂ ಹಾಡ್ತಿದ್ದೆ ಬೀಗರೇ," ಎಂದರು ಹುಡುಗನ ತಂದೆ. "ಪಕ್ಕದ್ಮನೆಯೋರು ಮನೇನೇ ಖಾಲಿ ಮಾಡ್ಕೊಂಡು ಹೋದ್ರು ನೋಡಿ!"

ಮೇಷ್ಟ್ರ ಬಾಯಲ್ಲಿ ಅನ್ನವಿತ್ತು. ನಗು ಬಂದುಬಿಟ್ಟಿತು.

ಒಂದೇ ಒಂದು ಕೆಮ್ಮು. ಆಮೇಲೆ ಸದ್ದೇ ಇಲ್ಲ. ಕಣ್ಣುಗಳು ಮಾತ್ರ ದೊಡ್ಡವಾಗುತ್ತ ಹೋದವು.

"ನೆತ್ತಿಗೇರ್ತು, ನೆತ್ತಿಗೇರ್ತು! ಯಾರೋ ನೆನೆಸ್ಕೊಂಡ್ರು. ಒಂದು ಗುಟುಕು ನೀರು ಕುಡೀರಿ!" ಹುಡುಗನ ತಂದೆ ಎದ್ದು, ತಮ್ಮ ಲೋಟವನ್ನೇ ಮೇಷ್ಟ್ರ ತುಟಿಗೆ ಹಿಡಿದರು.

ಆಕೆ ಲೋಟಕ್ಕೆ ಬೀಸಿ ಹೊಡೆದಳು.

"ನೀರು ಕೊಡಬೇಡಿ! ಸತ್ತೋಗ್ತಾರೆ!"

ನೀರು ಬೀಗರ ತೋಳಿಗೆಲ್ಲ ಚೆಲ್ಲಿತು. ಆಕೆ ಗಂಡನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು. ಮತ್ತೆ ಗುದ್ದಿದಳು. ತಟ್ಟೆಗೆ ಅನ್ನ ಬಿತ್ತು. ಗಾಳಿ ಒಳಗೆ ಹೋದ ಸದ್ದು ಬಟ್ಟೆ ಹರಿದಂತಿತ್ತು.

"ಆ ಹಾಡು ನಿಲ್ಸ್ರೀ!" ಎಂದು ಕೂಗಿದಳು. ಹಾಗೆ ಕೂಗಿದ್ದು ಜೀವಮಾನದಲ್ಲೇ ಮೊದಲು. ಹಾಡು ನಿಂತಿತು.

"ರೀ, ಹೇಳಿ."

"ಬೆಳ..." ಗಂಟಲಲ್ಲಿ ಕೊಡ ತುಂಬುವಂಥ ಗುಳುಗುಳು.

"ಕೆಮ್ಮಿ. ಜೋರಾಗಿ ಕೆಮ್ಮಿ."

ಮಗಳು ಅಪ್ಪನ ಭುಜ ಹಿಡಿದು ಅಳುತ್ತಿದ್ದಳು. ಹುಡುಗ ಆಸ್ಪತ್ರೆಗೆ ಫೋನು ಹಚ್ಚಿದ್ದ.

"ಸ್ಟ್ರೋಕ್ ಆಗಿತ್ತು ಇವರಿಗೆ," ಎಂದಳು ಆಕೆ, ಯಾರ ಮುಖವನ್ನೂ ನೋಡದೆ. "ನಾನೇ ಮುಚ್ಚಿಟ್ಟೆ. ಮಗಳದೇನೂ ತಪ್ಪಿಲ್ಲ."

ಹುಡುಗನ ತಂದೆ ಮೇಜಿನ ಮೇಲಿದ್ದ ನೀರಿನ ಲೋಟಗಳನ್ನೆಲ್ಲ ಒಂದೊಂದಾಗಿ ಎತ್ತಿ ಪಕ್ಕದ ಖಾಲಿ ಮೇಜಿಗಿಟ್ಟರು. ಬಂದು, ಮೇಷ್ಟ್ರ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಕೂತರು.

"ಹೇಳಿ ಬೀಗರೇ," ಎಂದರು ಮೆಲ್ಲಗೆ.

"ಬೆಳಗು... ಬಂದಿತು..."

ಆಕೆ ಕಣ್ಣು ಮುಚ್ಚಿ ಕಿವಿಗೊಟ್ಟಳು. ಮಾತಿನ ಮಲ್ಲರಾದ ಬೀಗರೂ ತಲೆ ಬಾಗಿಸಿ, ಅಂಗಿಯ ತೋಳಿಂದ ನೀರು ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ಉಳಿದ ಒಂದು ಪದಕ್ಕಾಗಿ ಕಾಯುತ್ತಿದ್ದರು.