ಎರಡು ಹನಿ ಎಣ್ಣೆ

ಪಿಕಪ್ಪಿನ ಹಿಂಭಾಗ ಎತ್ತಿ, ಸ್ಟ್ಯಾಂಡು ಕೊಟ್ಟು, ಮೆಕಾನಿಕ್ ಅಕ್ಕ ಅಡಿಗೆ ನುಸುಳಿದ್ದೇ ತಡ, ತೋಳಿನಿಂದ ಮೂಗು ಮುಚ್ಚಿಕೊಂಡಳು. ಹಲಗೆಗಳ ಸಂದಿಯಿಂದ ಸೋರಿದ ಮೊಟ್ಟೆಯ ಲೋಳೆ ಆಕ್ಸಲ್ ಮೇಲೆ ಪದರಪದರವಾಗಿ ಒಣಗಿತ್ತು. ಒಣಗದೆ ಉಳಿದದ್ದು ಗಬ್ಬು ನಾರುತ್ತಿತ್ತು. ಏನೋ ಒಂದು ಹನಿ ಅವಳ ಕಿವಿಯೊಳಗೇ ಬಿತ್ತು.

"ನಿಂಗೆ ಹೇಸಿಗೆ ಅನ್ನೋದೇ ಇಲ್ವೇನಪ್ಪ?" ಅಡಿಯಿಂದಲೇ ಕೇಳಿದಳು.

"ದಿನಾ ತೊಳೀತೀನಿ ಅಕ್ಕ," ಅಂದ ಅವಳ ತಂಗಿಯ ಗಂಡ. "ಮೇಲ್ಗಡೆ."

ಮೊಟ್ಟೆ ವ್ಯಾಪಾರ ಅವನದು. ಈಚೆಗೆ ಅಂಗಡಿ ಅಂಗಡಿಗೆ ಟ್ರೇ ಇಳಿಸಿಬರುವಷ್ಟರಲ್ಲಿ ದಿನಕ್ಕೆ ಎರಡು ಟ್ರೇ ಒಡೆದಿರುತ್ತಿದ್ದವು. ರಸ್ತೆ ಸರಿಯಿಲ್ಲ ಅನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಅಕ್ಕ ಮೂಗು ಮುರಿಯುತ್ತಿದ್ದಳು. ನಿನ್ನೆ ತಂಗಿ ಬಂದು, "ಇವರು ಓಡ್ಸೋದೇ ಹಾಗೆ ಅಂತ ನೀನೊಂದು ಮಾತು ಹೇಳ್ಬಿಡು, ಗಾಡಿ ಮಾರಿ ಇವರನ್ನ ಗೋಡೌನಿಗೆ ಹಾಕ್ತೀನಿ," ಅಂದಿದ್ದಳು. ಹದಿನೆಂಟು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯ ಕಿಟಕಿಯಿಲ್ಲದ ಕೋಣೆಯಲ್ಲಿ ಮೊಟ್ಟೆ ಎಣಿಸುತ್ತ ಕೂರಬೇಕು. ಕೂರಲಿ ಎಂದೇ ಅಕ್ಕನಿಗೂ ಅನಿಸಿತ್ತು.

ಶಾಕ್ ಅಬ್ಸಾರ್ಬರಿನ ಬೋಲ್ಟ್ ಬಿಚ್ಚಿ ಎಳೆದಳು. ಅದರ ತುದಿಯ ಬಳೆಯಂಥ ಕಣ್ಣಿನೊಳಗೆ ಗಟ್ಟಿಯಾಗಿ ಕೂತಿರಬೇಕಾದ ರಬ್ಬರ್ ಬುಷ್ ಕೊಳೆತ ಹಣ್ಣಿನಂತೆ ಊದಿಕೊಂಡು, ಮುಟ್ಟಿದರೆ ಕರಿ ಅಂಟಾಗಿ ಬೆರಳಿಗೆ ಬಂತು. ಎರಡು ತಿಂಗಳ ಹಿಂದೆ ಅವಳೇ ಹಾಕಿದ ಹೊಸ ಬುಷ್ ಅದು. ಅದು ಹೋದರೆ ರಸ್ತೆಯ ಪ್ರತಿ ಏಟೂ ನೇರ ಮೊಟ್ಟೆಗೇ. ಮೂಗಿನ ಹತ್ತಿರ ಹಿಡಿದು ನೋಡಿದಳು. ಎಂಜಿನ್ ಆಯಿಲ್.

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಇದಕ್ಕೆ ಎಣ್ಣೆ ಬಿಟ್ಟ ಪುಣ್ಯಾತ್ಮ ಯಾರು? ರಬ್ಬರಿಗೂ ಆಯಿಲಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಗೊತ್ತಿಲ್ವಾ?"

"ನಾನೇ ಬಿಟ್ಟಿದ್ದು." ಅವನು ತಡವರಿಸಿದ. "ನೀವೇ ಹೇಳಿದ್ರಲ್ಲ ಅಕ್ಕ. ಹೊಸ ಬುಷ್ ಕಿಂಯ್ ಕಿಂಯ್ ಅಂತಿದೆ ಅಂತ ಫೋನ್ ಮಾಡಿದ್ದೆ. ಎರಡು ಹನಿ ಎಣ್ಣೆ ಬಿಡು, ಬಾಯಿ ಮುಚ್ಚುತ್ತೆ ಅಂದ್ರಿ. ದಿನಾ ಬೆಳಿಗ್ಗೆ ಬಿಡ್ತಿದ್ದೀನಿ. ಒಂದಿನಾನೂ ತಪ್ಪಿಸಿಲ್ಲ."

ನೆನಪಾಯಿತು. ಊಟಕ್ಕೆ ಕೂತಿದ್ದಳು ಆಗ. ಇವನ ದನಿ ಕೇಳಿದರೇ ಅವಳಿಗೆ ಆಗುತ್ತಿರಲಿಲ್ಲ. ತೊಲಗಲಿ ಎಂದು ಬಾಯಿಗೆ ಬಂದದ್ದನ್ನು ಎಸೆದಿದ್ದಳು. ಬಾಗಿಲ ಕೀಲಿಗೆ ಹೇಳುವ ಮಾತನ್ನು ಬುಷ್ಷಿಗೆ ಹೇಳಿದ್ದಳು, ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವಳು.

"ಇದನ್ನ ಮನೇಲಿ ಹೇಳಿದ್ಯಾ?"

"ಯಾಕೆ ಹೇಳ್ಲಿ? ನೀವು ಹೇಳಿದ್ಮೇಲೆ ಮುಗೀತಲ್ಲ."

ಅಂದರೆ ತಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಕಿವಿಯಲ್ಲಿದ್ದ ಮೊಟ್ಟೆಯ ಲೋಳೆಗಿಂತ ಅದೇ ಹೆಚ್ಚು ಅಸಹ್ಯವೆನಿಸಿತು.

ಅಂಟನ್ನೆಲ್ಲ ಕೆರೆದು, ಶಾಕ್ ಅಬ್ಸಾರ್ಬರಿನ ಕಣ್ಣು ಉಜ್ಜಿ, ಬರೀ ಸೋಪುನೀರು ಸವರಿ ಹೊಸ ಬುಷ್‌ಗಳನ್ನು ಒತ್ತಿ ಕೂರಿಸಿದಳು. ಬೋಲ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿ ಗಾಡಿಯನ್ನು ಚಕ್ರದ ಮೇಲೆ ಇಳಿಸಿದಳು. ಗಾಡಿ ನೇತಾಡುತ್ತಿರುವಾಗಲೇ ಬಿಗಿದರೆ, ಭಾರ ಬಿದ್ದ ಕೂಡಲೇ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಬಿಗಿಯಲು ಮತ್ತೆ ಅಡಿಗೆ ಹೋದಾಗ ತಂಗಿಯ ಚಪ್ಪಲಿಗಳು ಚಕ್ರದ ಪಕ್ಕ ಬಂದು ನಿಂತವು.

"ಥೂ, ಏನು ವಾಸನೆ. ನೋಡ್ದೆಯಾ ಅಕ್ಕ? ಇವರದೇ ತಪ್ಪು ತಾನೇ?"

ಮುಖ ಕಾಣದಿದ್ದದ್ದು ಒಳ್ಳೆಯದೇ ಆಯಿತು. "ಗಾಡಿ ಮಾರ್ಬೇಡ. ರಬ್ಬರ್ ಕೊಳೆಸಿದ್ದು ನನ್ನ ಬಾಯಿ," ಅಂದಳು ಅಕ್ಕ. ಫೋನಿನ ಸಂಗತಿ, ಎಣ್ಣೆ, ಎಲ್ಲ ಹೇಳಿದಳು. ಊಟದ ತಟ್ಟೆಯನ್ನೂ ಬಿಡಲಿಲ್ಲ.

ಚಪ್ಪಲಿಗಳು ಅಲ್ಲಾಡಲಿಲ್ಲ. "ಎರಡು ತಿಂಗಳಿಂದ ದಿನಾ ಬೈತಿದ್ದೀನಲ್ಲೇ ಇವರಿಗೆ," ಅಂದಳು ತಂಗಿ, ತೀರ ಸಣ್ಣಗೆ.

ಆಗ ಅವನು ನೆಲಕ್ಕೆ ಮೊಣಕಾಲೂರಿ ಬಗ್ಗಿ ನೋಡಿದ. ಮುಖದಲ್ಲಿ ಕೋಪದ ಸುಳಿವೂ ಇರಲಿಲ್ಲ.

"ಹಾಗಾದ್ರೆ ಅಕ್ಕ, ನಾಳೆಯಿಂದ ಎಣ್ಣೆ ಬೇಡ್ವಾ?"

ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದಳು.

"ಬೇಡಪ್ಪ," ಅಂದಳು. "ನಾನು ಏನ್ ಹೇಳಿದ್ರೂ ಇನ್ಮೇಲೆ ಎರಡು ಸಲ ಕೇಳು."