ಗುಡಿಸಿದವರ ಎದೆಯಲ್ಲಿ ಉಳಿದ ಧೂಳು

ಮನೆ ಬಾಗಿಲಲ್ಲಿ ಒಂದು ಚೀಲ ಬಿದ್ದಿತ್ತು. ಅಷ್ಟೇ.

ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ ಬಂದ ಗಟ್ಟಿಗಿತ್ತಿ ಮೆಟ್ಟಿಲ ಬಳಿಯೇ ಕಲ್ಲಾದಳು. ನೀಲಿ ಚೀಲ. ಬಾಯಿ ಮುಚ್ಚಿದೆ. ಹತ್ತಿರದಲ್ಲಿ ಯಾರೂ ಇಲ್ಲ. ಒಳಗೆ ಅತ್ತೆ ಕಾಳು ಆರಿಸುತ್ತ ಕೂತಿದ್ದಾರೆ. ಮುಂದೆ ಏನಾಯಿತೆಂದು ಅವಳಿಗೇ ನೆನಪಿಲ್ಲ. ಒಳಗೆ ನುಗ್ಗಿ, ಅತ್ತೆಯ ತೋಳು ಹಿಡಿದು, ಹಿತ್ತಲ ಬಾಗಿಲಿನಿಂದ ದರದರನೆ ಎಳೆದು ಹೊರಕ್ಕೆ ತಳ್ಳಿದ್ದಳು. ಮುದುಕಿ ಒಗೆಯುವ ಕಲ್ಲಿನ ಮೇಲೆ ಬಿದ್ದರು. ಮುಂಗೈ ಊದಿಕೊಂಡಿತು.

ಚೀಲ ಮಗಳದು. ಶಾಲೆಯಿಂದ ಬಂದವಳು ಅದನ್ನಲ್ಲೇ ಎಸೆದು ಆಡಲು ಓಡಿದ್ದಳು.

ಗಟ್ಟಿಗಿತ್ತಿ ಎಂಬುದು ನಗರಸಭೆಯ ಗುಡಿಸುವ ಹೆಂಗಸರು ಅವಳಿಗಿಟ್ಟ ಹೆಸರು. ಸತ್ತ ನಾಯಿಯಾಗಲಿ, ಕಟ್ಟಿಕೊಂಡ ಚರಂಡಿಯಾಗಲಿ, ಮೊದಲು ಕೈಹಾಕುವವಳು ಅವಳೇ. ಆ ಹೆಸರೇ ಅವಳ ಬಾಯಿಗೆ ಬೀಗ ಜಡಿದಿತ್ತು. ಗಟ್ಟಿಗಿತ್ತಿಗೆ ಹೆದರಿಕೆ ಎಂದರೆ ಯಾರು ನಂಬುತ್ತಾರೆ?

ಪಕ್ಕದ ಬೀದಿಯ ನರ್ಸಮ್ಮ ಬಂದು ಮುದುಕಿಯ ಕೈಗೆ ಪಟ್ಟಿ ಕಟ್ಟಿದಳು.

"ಮೂಳೆ ಮುರಿದಿಲ್ಲ ಅಜ್ಜಿ, ಉಳುಕಿದೆ."

"ನನ್ನ ಮೂಳೆ ಹಾಳಾಗ್ಲಿ, ಇವಳ ತಲೆ ನೋಡಮ್ಮ," ಎಂದರು ಅತ್ತೆ. "ಮಗ ಲಾರಿ ಹತ್ತಿದ್ರೆ ತಿಂಗಳಿಗೊಮ್ಮೆ ಬರೋನು. ಇವಳನ್ನ ಕಾಯೋಳು ನಾನೇ. ಪಾತ್ರೆ ಬಿದ್ರೆ ಹಾರಿಬೀಳ್ತಾಳೆ. ಬಸ್ಸು ಹತ್ತಲ್ಲ. ಬೀದೀಲಿ ಚೀಲ ಕಂಡ್ರೆ ಸುತ್ತುಹಾಕಿ ಹೋಗ್ತಾಳಂತೆ. ಕಸ ಎತ್ತೋಳು ಚೀಲಕ್ಕೆ ಹೆದರೋದಾ? ಮೀನು ಹಿಡಿಯೋನು ನೀರಿಗೆ ಹೆದರಿದ ಹಾಗಾಯ್ತು!"

"ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದ ಮೇಲಾ?"

"ಅದೇ ನನಗೆ ತಿಳಿಯದೆ ಇರೋದು! ಮೂರು ವರ್ಷ ಆಯ್ತು. ಆ ಉಗ್ರರು ಬಾಂಬು ಇಟ್ಟಾಗ ಇವಳು ಇಲ್ಲೇ ಬಟ್ಟೆ ಒಗೀತಿದ್ಲು. ಮೈಮೇಲೆ ಒಂದು ಗೀರೂ ಇಲ್ಲ. ಹೋದದ್ದು ಮಾರನೇ ದಿನ, ಗುಡಿಸೋಕೆ!"

ಗಟ್ಟಿಗಿತ್ತಿ ಏನೋ ಹೇಳಹೊರಟಳು. ಮಾತಿನ ಬದಲು ಕೆಮ್ಮು ಬಂತು. ಗೋಡೆ ಹಿಡಿದು ಬಾಗಿದಳು. ತುಟಿ ಕಪ್ಪಿಟ್ಟಿತು. ಉಸಿರು ಹಿಂದಿರುಗಿ ಬರುವಷ್ಟರಲ್ಲಿ ಮೂವರ ಮುಖವೂ ಬಿಳುಚಿಕೊಂಡಿತ್ತು.

"ಎಷ್ಟು ದಿನದ ಕೆಮ್ಮು ಅಕ್ಕಾ ಇದು?"

"ಹಳೇದು. ಮೂವರು ಡಾಕ್ಟ್ರಿಗೆ ತೋರಿಸ್ದೆ. ಸಿರಪ್ ಕೊಡ್ತಾರೆ."

ನರ್ಸಮ್ಮ ಚೀಟಿಗಳನ್ನು ತರಿಸಿ ನೋಡಿದಳು. ಕಸುಬು ಎಂಬ ಜಾಗದಲ್ಲಿ ಮೂರರಲ್ಲೂ ಒಂದೇ ಮಾತು: ಮನೆಗೆಲಸ.

"ಇದ್ಯಾಕೆ ಸುಳ್ಳು?"

"ಈ ಕೆಮ್ಮಿಗೂ ಮೊದಲು ಒಂದ್ಸಲ ಜ್ವರಕ್ಕೆ ಹೋದಾಗ ಗುಡಿಸೋಳು ಅಂತ ನಿಜಾನೇ ಹೇಳಿದ್ದೆ," ಎಂದಳು ಗಟ್ಟಿಗಿತ್ತಿ, ನೆಲ ನೋಡುತ್ತ. "ಬೆಂಚಿನ ಮೇಲಿದ್ದೋರು ಎದ್ದು ಆಚೆ ಸರಿದ್ರು. ಅವತ್ತಿಂದ ಸೋಪು ತಿಕ್ಕಿ ಮಿಂದು, ಒಳ್ಳೆ ಬಟ್ಟೆ ಹಾಕ್ಕೊಂಡು ಹೋಗ್ತೀನಿ. ಮನೆಗೆಲಸ ಅಂತ ಬರೆಸ್ತೀನಿ. ಬಸ್ ನಿಲ್ದಾಣದ ಆ ಧೂಳಿನ ಮಾತು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

"ನನಗೆ ಹೇಳು."

ಹೇಳಿದಳು. ತಡೆತಡೆದು, ಅತ್ತೆಗೂ ಹೇಳಿರದಿದ್ದದ್ದನ್ನು ಹೇಳಿದಳು. ಬಾಂಬು ಸಿಡಿದ ಮಾರನೇ ಬೆಳಿಗ್ಗೆ ಮೇಸ್ತ್ರಿ ಹನ್ನೊಂದು ಜನ ಹೆಂಗಸರನ್ನು ಲಾರಿಗೆ ತುಂಬಿದ. ನಾಡಿದ್ದು ದೊಡ್ಡವರು ನೋಡಲು ಬರುತ್ತಾರೆ, ಅಷ್ಟರಲ್ಲಿ ರಸ್ತೆ ಲಕಲಕ ಅನ್ನಬೇಕು ಎಂದ. ತನಿಖೆಗೆ ಬಂದ ಅಧಿಕಾರಿಗಳ ಮೂಗಿಗೆ ಮುಖಗವಸಿತ್ತು, ಕೈಗೆ ಗ್ಲೌಸಿತ್ತು. ಇವರ ಕೈಯಲ್ಲಿ ಪೊರಕೆ ಇತ್ತು. ನೀರಿನ ಟ್ಯಾಂಕರ್ ಬರಲಿಲ್ಲ. ಒಣ ನೆಲವನ್ನೇ ಗುಡಿಸಿದರು. ಗಾಜಿನ ಪುಡಿ, ಸಿಮೆಂಟು, ಸುಟ್ಟ ಸೀಟು, ಸುಟ್ಟ ಟಯರು, ಎಲ್ಲ ಮೋಡವಾಗಿ ಎದ್ದಿತು. ಎರಡು ದಿನ ಅದನ್ನೇ ಉಸಿರಾಡಿದರು. ಮೊರಕ್ಕೆ ಬಂದದ್ದನ್ನೆಲ್ಲ ಕಸ ಎನ್ನಲು ಅವಳಿಗೆ ಇಂದಿಗೂ ಬಾಯಿ ಬಾರದು. ವಾರಸುದಾರರಿಲ್ಲದ ಚೀಲವೊಂದನ್ನು ಎತ್ತುವಾಗ ಪೊಲೀಸನೊಬ್ಬ "ಮುಟ್ಟಬೇಡ!" ಎಂದು ಕಿರುಚಿದ್ದ. ಅದರಲ್ಲಿದ್ದದ್ದು ಬರೀ ಬಟ್ಟೆ. ಆದರೆ ಆ ಕೂಗು ಅವಳ ಮೈಯೊಳಗೆ ಹೊಕ್ಕು ಅಲ್ಲೇ ಮನೆಮಾಡಿತು.

ದೊಡ್ಡವರು ಬಂದರು. ರಸ್ತೆ ಶುಭ್ರವಾಗಿದೆ ಎಂದರು. ಕಾರು ಹತ್ತಿ ಹೋದರು. ಯಾರ ಎದೆ ಶುಭ್ರವಾಗಿದೆ ಎಂದು ಒಬ್ಬರೂ ಕೇಳಲಿಲ್ಲ.

"ಅಜ್ಜಿ, ಬಾಂಬು ಸಿಡಿಯೋದು ಒಂದೇ ಕ್ಷಣ," ಎಂದಳು ನರ್ಸಮ್ಮ. "ಅದರ ಕೆಲಸ ಮಾತ್ರ ವರ್ಷಗಟ್ಟಲೆ ನಡೆಯುತ್ತೆ. ಅಂಥ ಧೂಳು ಕುಡಿದೋರಿಗೆ ಕೆಮ್ಮು, ಉಬ್ಬಸ ಬಿಡದೆ ಕಾಡಬಹುದು. ಹತ್ತಿರ ಇದ್ದೋರಿಗೆ ಕಿವಿ ಮಂದ ಆಗಬಹುದು. ತಲೆಗೆ ಪೆಟ್ಟಾದೋರಿಗೆ ತಲೆನೋವು, ಮರೆವು. ಮನಸ್ಸಿಗೂ ಹಾಗೇ. ಬೆಚ್ಚಿಬೀಳೋದು, ಕೆಟ್ಟ ಕನಸು, ಕಾರಣ ಇಲ್ಲದ ಸಿಟ್ಟು. ಆ ಜಾಗದ ಕಡೆ ಕಾಲೇ ಹಾಕದಿರೋದು. ಕುಡಿತಕ್ಕೆ ಬಿದ್ದೋರೂ ಇದ್ದಾರೆ. ಅಲ್ಲಿದ್ದೋರಿಗಷ್ಟೇ ಅಲ್ಲ, ಆಮೇಲೆ ಹೋಗಿ ಎತ್ತಿದೋರಿಗೂ, ಗುಡಿಸಿದೋರಿಗೂ ಬರುತ್ತೆ. ಇದು ಹುಚ್ಚಲ್ಲ. ದೊಡ್ಡಾಸ್ಪತ್ರೆಯಲ್ಲಿ ಮದ್ದಿದೆ."

"ಹುಚ್ಚಲ್ಲ ಅಂತ ನೀನು ಹೇಳ್ತೀಯ. ಊರ ಬಾಯಿ ಮುಚ್ಚೋರ್ಯಾರು? ಕಾಲ ಹೋದಂಗೆ ತಾನೇ ಮರೀತಾಳೆ ಬಿಡು."

"ಮೂರು ವರ್ಷ ಕಾಲ ಹೋಯ್ತಲ್ಲಜ್ಜಿ. ಇವತ್ತು ನಿಮ್ಮ ಕೈ. ನಾಳೆ ಯಾರದ್ದು?"

ಅಷ್ಟರಲ್ಲಿ ಎಲ್ಲರ ಕಣ್ಣೂ ಬಾಗಿಲಿಗೆ ಹೋಯಿತು. ಮಗಳು ಹೊಸ್ತಿಲಾಚೆ ನಿಂತಿದ್ದಳು. ಒಳಗೆ ಬರಲಿಲ್ಲ.

"ಬಾ ಮಗಾ," ಎಂದು ಗಟ್ಟಿಗಿತ್ತಿ ಕೈಚಾಚಿದಳು.

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. "ಅಮ್ಮ, ನನ್ನನ್ನೂ ಎಳೀತೀಯಾ?"

ಬಾಂಬಿಗಿಂತ ದೊಡ್ಡ ಭಯ ಗಟ್ಟಿಗಿತ್ತಿಯ ಎದೆಗೆ ಇಳಿದದ್ದು ಆಗ. ತನ್ನ ಕೈಗೆ ತಾನೇ ಹೆದರಿ, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಳು.

"ಡಾಕ್ಟ್ರಿಗೆ ಇದೆಲ್ಲ ಹೇಳಿಬಿಟ್ಟು, ಕೆಲಸದಿಂದ ತೆಗೆದುಹಾಕಿದ್ರೆ?" ಎಂದು ಪಿಸುಗುಟ್ಟಿದಳು.

ಉತ್ತರ ಬಂದದ್ದು ಅತ್ತೆಯಿಂದ. "ಉಸಿರೇ ನಿಂತ್ಮೇಲೆ ಯಾವ ಕೆಲಸಾನೇ? ಬೆಳಿಗ್ಗೆ ನಡಿ, ನಾನೂ ಬರ್ತೀನಿ. ಆ ಬೆಂಚಿಂದ ಯಾರು ಏಳ್ತಾರೋ ನೋಡೇಬಿಡ್ತೀನಿ. ಕೈ ಒಂದೇ ಊದಿರೋದು, ನಾಲಿಗೆ ನೆಟ್ಟಗಿದೆ."

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ "ಕಸುಬು?" ಎಂದು ಕೇಳಿದಾಗ ಗಟ್ಟಿಗಿತ್ತಿ ಬಾಗಿಲಾಚೆಯ ಬೆಂಚಿನತ್ತ ತಿರುಗಿ ನೋಡಿದಳು. ಅತ್ತೆ ಬೆನ್ನಿಗೆ ತಿವಿದರು.

"ಬೀದಿ ಗುಡಿಸೋದು. ಬಾಂಬು ಸಿಡಿದ ಮಾರನೇ ದಿನದಿಂದ ಎರಡು ದಿನ ಬಸ್ ನಿಲ್ದಾಣ ಗುಡಿಸಿದ್ದೆ. ಒಣ ಧೂಳು."

ಡಾಕ್ಟರಮ್ಮನ ಪೆನ್ನು ನಿಂತಿತು. ಎಕ್ಸ್‌ರೇ ಆಯಿತು, ಉಸಿರಿನ ಪರೀಕ್ಷೆ ಆಯಿತು.

"ತಡ ಆಗಿದೆಯಮ್ಮ. ಎದೆ ಪೂರ್ತಿ ಮೊದಲಿನಂತೆ ಆಗುತ್ತೆ ಅಂತ ಸುಳ್ಳು ಹೇಳಲ್ಲ. ಇನ್ನೂ ಹದಗೆಡದ ಹಾಗೆ ಹಿಡೀಬಹುದು. ಹೆದರಿಕೆಗೆ ಮನೋವೈದ್ಯರ ಹತ್ರ ಮಾತಿನ ಚಿಕಿತ್ಸೆ ಇದೆ, ಬೇಕಾದ್ರೆ ಮಾತ್ರೆ. ತಪ್ಪದೆ ಬರಬೇಕು. ನಿಮ್ಮ ಜೊತೆ ಗುಡಿಸಿದ ಉಳಿದೋರು ಹೇಗಿದ್ದಾರೆ?"

ಗಟ್ಟಿಗಿತ್ತಿ ಲೆಕ್ಕ ಹಾಕಹೋಗಿ ತಣ್ಣಗಾದಳು. "ಒಬ್ಬಳು ಹೋದ ವರ್ಷ ಸತ್ಳು. ಕೆಮ್ಮಿ ಕೆಮ್ಮಿ. ಶೀತ ಅಂದ್ರು."

ಮಾರನೆಯ ಬೆಳಿಗ್ಗೆ ಹಾಜರಿಯ ಸಾಲಿನಲ್ಲಿ ಅವಳು ಎಲ್ಲರಿಗೂ ಕೇಳುವಂತೆ ಕೂಗಿದಳು: "ನನಗೆ ಕೆಮ್ಮಿದೆ. ನನಗೆ ಹೆದರಿಕೆ ಇದೆ. ನಿನ್ನೆ ದೊಡ್ಡಾಸ್ಪತ್ರೆಗೆ ತೋರಿಸ್ದೆ. ಅವತ್ತು ನನ್ನ ಜೊತೆ ಗುಡಿಸಿದೋರಲ್ಲಿ ಇನ್ಯಾರಿಗಿದೆ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಂದು ಕೈ ಎದ್ದಿತು. ಆಮೇಲೆ ಐದು.

"ಏನೇ ಇದು, ಬೆಳಿಗ್ಗೆ ಬೆಳಿಗ್ಗೆ ಸಭೆ?" ಎಂದು ಮೇಸ್ತ್ರಿ ಗದರಿದ. ಗಟ್ಟಿಗಿತ್ತಿ ಜಗ್ಗದೆ ಅವನ ಮುಖವನ್ನೇ ನೋಡಿದಳು. ಆ ಎರಡು ದಿನ ಅವನೂ ಅದೇ ಧೂಳಿನಲ್ಲಿ ನಿಂತು ಕೂಗಾಡಿದ್ದ. ಮೇಸ್ತ್ರಿ ಹಾಜರಿ ಪುಸ್ತಕ ಮುಚ್ಚಿ, ಹತ್ತಿರ ಬಂದು, ದನಿ ತಗ್ಗಿಸಿದ.

"ಆ ಆಸ್ಪತ್ರೆ ಎಷ್ಟು ಗಂಟೆಗೆ ತೆರೀತಾರೆ?"

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಇಂಥ ಘೋರ ನಿಮ್ಮೂರಲ್ಲೂ ನಡೆದಿತ್ತೇ? ನೀವು ಅಲ್ಲಿದ್ದಿರಾ, ಗಾಯಗೊಂಡವರನ್ನು ಹೊತ್ತಿರಾ, ನೆಲ ತೊಳೆದಿರಾ? ಹಾಗಿದ್ದರೆ ಎಷ್ಟೇ ವರ್ಷ ಕಳೆದಿರಲಿ, ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ: ಯಾವ ದಿನ, ಯಾವ ಜಾಗ, ಎಷ್ಟು ಹೊತ್ತು, ಏನು ಕೆಲಸ. ಎದೆಯನ್ನೂ ತೋರಿಸಿ, ಮನಸ್ಸನ್ನೂ ತೋರಿಸಿ. ಚೀಟಿಗಳನ್ನು ಜೋಪಾನ ಮಾಡಿ. ಮನೆಯವರೇ, "ಮರೆತುಬಿಡು" ಎನ್ನಬೇಡಿ. ಕೈಹಿಡಿದು ಜೊತೆಗೆ ಹೋಗಿ. ಗುಡಿಸಿದವರೇ, ನಿಮ್ಮ ದುಡಿಮೆಯನ್ನು ಮುಚ್ಚಿಡಬೇಡಿ. ನಾಚಬೇಕಾದವರು ಬರಿಗೈಯಲ್ಲಿ ನಿಮ್ಮನ್ನು ಆ ಧೂಳಿಗೆ ಇಳಿಸಿದವರು, ನೀವಲ್ಲ.